ಗಾಳಿಯಿಲ್ಲದಲ್ಲಿ ಹಾರುವ ಫೈಟರ್‌ಗಳು

1942ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರದಲ್ಲಿ ಅಮೆರಿಕ ಮತ್ತು ಜಪಾನಿನ ನೌಕಾಪಡೆಗಳು ಕಾದಾಡಿದವು. ಆದರೆ ಎರಡೂ ಕಡೆಯ ಹಡಗುಗಳು ಒಂದನ್ನೊಂದು ಕಾಣಲೇ ಇಲ್ಲ, ಹೊಡೆದಾಟವೆಲ್ಲ ವಿಮಾನಗಳದ್ದು. ಮುಂದಿನ ತಿಂಗಳು ಮಿಡ್‌ವೇ ದ್ವೀಪದ ಬಳಿ ಅದೇ ಕಥೆ. 1945ರ ಏಪ್ರಿಲ್‌ನಲ್ಲಿ, 46 ಸೆಂ.ಮೀ. ಫಿರಂಗಿಗಳನ್ನು ಹೊತ್ತ ಜಪಾನಿನ ಯುದ್ಧನೌಕೆ ಯಮಾಟೊ ಕೂಡ ವಿಮಾನಗಳ ಬಾಂಬು, ಟಾರ್ಪಿಡೊಗಳಿಗೆ ಸಿಕ್ಕಿ ಮುಳುಗಿತು. ಸಮುದ್ರದ ಮೇಲೆ ಜಗಳ ಅಲ್ಲಿಗೆ ತೀರಿತು. ಬಾಹ್ಯಾಕಾಶದ ಆಟಗಳಲ್ಲಿ ಇನ್ನೂ ತೀರಿಲ್ಲ: ಗೆಲ್ಲಬೇಕಾದದ್ದು ವಾಹಕ ನೌಕೆಯಿಂದ ಹಾರುವ ಪುಟ್ಟ ಫೈಟರೋ, ಮೈತುಂಬ ಫಿರಂಗಿ ಹೊತ್ತ ಕ್ರೂಸರೋ?

ವಿಮಾನ ಗೆದ್ದದ್ದು ಗಾಳಿಯ ದಯೆಯಿಂದ. ಹಡಗು ನೀರನ್ನು ಸೀಳಿಕೊಂಡು ಗಂಟೆಗೆ 50–60 ಕಿ.ಮೀ. ಹೋದರೆ ಹೆಚ್ಚು, ವಿಮಾನಕ್ಕೆ ಅದರ ಹಲವು ಪಟ್ಟು ಸಲೀಸು. ಬಾಹ್ಯಾಕಾಶದಲ್ಲಿ ಇಬ್ಬರಿಗೂ ಇರುವುದು ಒಂದೇ ಶೂನ್ಯ. ಮೇಲಾಗಿ ಫೈಟರ್ ಹೋಗುವಾಗ ವೇಗ ಪಡೆಯಬೇಕು, ಆ ವೇಗ ಕಳೆಯಬೇಕು, ಹಿಂದಿರುಗಲು ಮತ್ತೆ ಪಡೆಯಬೇಕು, ತಾಯಿಹಡಗಿನ ಬಳಿ ಮತ್ತೆ ಕಳೆಯಬೇಕು. ನಾಲ್ಕು ಸಲಕ್ಕೂ ಇಂಧನ ಬೇಕು. ವಾಪಸು ಬರಬೇಕಿಲ್ಲದ ಕ್ಷಿಪಣಿಗೆ ಒಂದೇ ಸಲ ಸಾಕು. ಲೆಕ್ಕ ಹಿಡಿದು ಕೂತರೆ ಫೈಟರ್‌ಗೆ ಅಲ್ಲಿ ಕೆಲಸವೇ ಇಲ್ಲ.

ಹಾಗಿದ್ದೂ ಅದು ಬಂತು, ಸಿನಿಮಾದ ಬಾಗಿಲಿನಿಂದ. 1977ರ ‘ಸ್ಟಾರ್ ವಾರ್ಸ್’ಗಾಗಿ ಜಾರ್ಜ್ ಲ್ಯೂಕಸ್ ಹಳೆಯ ಯುದ್ಧಚಿತ್ರಗಳ ವಿಮಾನ ಕಾಳಗದ ತುಣುಕುಗಳನ್ನು ಜೋಡಿಸಿ, ತಮ್ಮ ದೃಶ್ಯಗಳು ಹೀಗಿರಬೇಕೆಂದು ತಂತ್ರಜ್ಞರಿಗೆ ತೋರಿಸಿದ್ದರು. ಕಂಪ್ಯೂಟರ್ ಆಟಗಳಲ್ಲಂತೂ ಯುದ್ಧವಿಮಾನಗಳೊಂದಿಗಿನ ನಂಟು ಇನ್ನೂ ಹತ್ತಿರದ್ದು. ಲಾರೆನ್ಸ್ ಹಾಲೆಂಡ್ 1988ರಲ್ಲಿ ರೂಪಿಸಿದ ‘ಬ್ಯಾಟಲ್‌ಹಾಕ್ಸ್ 1942’ರಲ್ಲಿ ಆಟಗಾರ ಹಾರುತ್ತಿದ್ದದ್ದು ಅದೇ ಕೋರಲ್ ಸಮುದ್ರ, ಅದೇ ಮಿಡ್‌ವೇಯ ಮೇಲೆ. ಐದು ವರ್ಷಗಳ ಬಳಿಕ ‘ಸ್ಟಾರ್ ವಾರ್ಸ್’ನ ಫೈಟರ್ ಹಾರಿಸುವ ‘ಎಕ್ಸ್-ವಿಂಗ್’ ಆಟ ತಂದವರಲ್ಲೂ ಅವರೇ ಮುಂದಾಳು. ನಡುವೆ, 1990ರಲ್ಲಿ, ಕ್ರಿಸ್ ರಾಬರ್ಟ್ಸ್ ಅವರ ‘ವಿಂಗ್ ಕಮಾಂಡರ್’ ಪೆಸಿಫಿಕ್ ಯುದ್ಧವನ್ನೇ ನಕ್ಷತ್ರಗಳ ನಡುವೆ ಹರಡಿಟ್ಟಿತು. ಒಬ್ಬ ಆಟಗಾರ, ಒಂದು ಪರದೆ, ಒಂದು ಜಾಯ್‌ಸ್ಟಿಕ್: ಅದಕ್ಕೆ ಕಾಕ್‌ಪಿಟ್ಟೇ ಸರಿಯಾದ ಜಾಗ. ಹಾಗೆ ಕೂತವನು ಸೋಲುತ್ತಲೇ ಇದ್ದರೆ ಆಟ ಯಾರಿಗೆ ಬೇಕು? ಕ್ರೂಸರ್‌ಗಳ ಗುರಿ ತಪ್ಪಲೇಬೇಕಿತ್ತು.

ಮೇಜಿನ ಮೇಲೆ ದಾಳ ಉರುಳಿಸಿ ಆಡುವವರ ಕಷ್ಟ ಬೇರೆ. ಅಲ್ಲಿ ಆಟಗಾರ ಪೈಲಟ್ ಅಲ್ಲ, ಅಡ್ಮಿರಲ್. ಬ್ರಿಟನ್ನಿನ ಜಾನ್ ಟಫ್ಲಿ 90ರ ದಶಕದ ಆರಂಭದಲ್ಲಿ ತಂದ ‘ಫುಲ್ ಥ್ರಸ್ಟ್’ನಲ್ಲಿ ಫೈಟರ್‌ಗಳು ಆರಾರರ ತಂಡವಾಗಿ ಬರುತ್ತವೆ, ಹಡಗುಗಳು ಸಮೀಪ ರಕ್ಷಣೆಯ ತೋಪುಗಳಿಂದ ಅವನ್ನು ಉರುಳಿಸುತ್ತವೆ. ತಂಡ ಒಂದೆರಡಿದ್ದರೆ ಗುರಿ ಮುಟ್ಟುವ ಮೊದಲೇ ಎಲ್ಲ ಖತಂ. ಹತ್ತು ಹನ್ನೆರಡಾದರೆ ತೋಪುಗಳು ತುಂಬಿಹೋಗುತ್ತವೆ. ಆಮೇಲೆ ಬಂದದ್ದೆಲ್ಲ ನೇರ ಹಡಗಿನ ಮೈಗೆ. ಈ ಹೊಸಿಲನ್ನು ಪತ್ತೆಹಚ್ಚಿದ ಚಾಲಾಕಿಗಳು ಗುಳ್ಳೆಯಂತೆ ತೆಳುವಾದ ವಾಹಕ ನೌಕೆಗಳಿಗೆ ಫೈಟರ್ ತುಂಬಿಕೊಂಡು ಬಂದರು. ಎದುರಾಳಿ ಕ್ರೂಸರ್‌ಗೆ ಸುರಿದ ಆಟದ ಹಣ ವ್ಯರ್ಥ. ತೋಪಿನ ಬೆಲೆಯನ್ನೋ ಫೈಟರ್ ಬೆಲೆಯನ್ನೋ ಏರಿಳಿಸಿದರೆ ಹೊಸಿಲು ಜರುಗುತ್ತದೆಯೇ ಹೊರತು ಅಳಿಯುವುದಿಲ್ಲ.

ನನಗೆ ಮೆಚ್ಚುಗೆಯಾದದ್ದು ಗೇಮ್ಸ್ ವರ್ಕ್‌ಶಾಪ್‌ನ ‘ಬ್ಯಾಟಲ್‌ಫ್ಲೀಟ್ ಗಾಥಿಕ್’ (1999) ಕಂಡುಕೊಂಡ ದಾರಿ. ಬಾಂಬರ್‌ಗಳನ್ನು ಒಮ್ಮೆ ಬಿಟ್ಟ ಹಡಗು ಮತ್ತೆ ಸಜ್ಜಾಗಲು ಎರಡು ದಾಳ ಉರುಳಿಸಬೇಕು. ಎರಡರಲ್ಲೂ ಒಂದೇ ಅಂಕಿ ಬಿತ್ತೋ, ದಾಸ್ತಾನು ಮುಗಿದಂತೆ. ವಾಹಕ ನೌಕೆಯ ಒಡೆಯ ಪ್ರತಿ ಸಲವೂ ಜೂಜಾಡುತ್ತಾನೆ. ಫಿರಂಗಿಯ ಕ್ರೂಸರ್‌ಗೆ ಆ ಚಿಂತೆಯಿಲ್ಲ, ಆದರೆ ಅದು ಹೊಡೆತ ತಿನ್ನುತ್ತಲೇ ಹತ್ತಿರ ಹೋಗಬೇಕು. ಬಾಂಬರ್‌ನ ಅಂಕೆಯಿಲ್ಲದ ಬಲವನ್ನು ಬೆಲೆಪಟ್ಟಿಯಿಂದಲ್ಲ, ಆಡುವವನ ಭಯದಿಂದ ಹಿಡಿದು ನಿಲ್ಲಿಸಿದ್ದಾರೆ.

ಅದೇ ವರ್ಷದ ‘ಫ್ರೀಸ್ಪೇಸ್ 2’ ಕಂಪ್ಯೂಟರ್‌ನಲ್ಲಿ ದೊಡ್ಡ ಹಡಗುಗಳಿಗೆ ಕಿರಣಾಸ್ತ್ರ ಕೊಟ್ಟು ಕಾಕ್‌ಪಿಟ್‌ನವನನ್ನು ಬೆದರಿಸಿತು. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯ ‘ಈವ್ ಆನ್‌ಲೈನ್’ನಲ್ಲಿ ಕ್ರೂಸರ್ ಹತ್ತುವವನೂ ಮನುಷ್ಯ, ವಾಹಕ ನೌಕೆ ಹತ್ತುವವನೂ ಮನುಷ್ಯ, ಯಾರನ್ನು ಸೋಲಿಸಿದರೂ ದೂರು ತಪ್ಪದು. 2016ರಲ್ಲಿ ಅದರ ಫೈಟರ್‌ಗಳು ಸ್ಕ್ವಾಡ್ರನ್‌ಗಳಾದವು. ಅಲ್ಲಿಂದ ವಾಹಕ ನೌಕೆಯವನು ಒಂದೊಂದು ತಂಡವನ್ನೂ ತಾನೇ ಎಲ್ಲಿಗೆಂದು ಕಳಿಸಿ, ತಾನೇ ಮರಳಿ ಕರೆಸಿಕೊಳ್ಳಬೇಕಾಯಿತು.