ದೀರ್ಘ ಸೇವೆಯ ಹೊಣೆ: ಲೆಕ್ಕಪುಸ್ತಕದಲ್ಲಿ ಕಾಣದ ಗ್ರಾಚ್ಯುಟಿ

ಇಪ್ಪತ್ತೆರಡು ವರ್ಷ ಒಂದೇ ಕಾರ್ಖಾನೆಯಲ್ಲಿ ದುಡಿದ ಟರ್ನರನೊಬ್ಬ ನಿವೃತ್ತನಾಗುವಾಗ ಅವನಿಗೆ ಸಲ್ಲಬೇಕಾದ ಮೊತ್ತವನ್ನು ಅನೇಕ ಸಣ್ಣ ಉದ್ಯಮಿಗಳು ಮೊದಲ ಬಾರಿಗೆ ಲೆಕ್ಕ ಹಾಕುವುದು ಆತ ಹೊರಡುವ ತಿಂಗಳಿನಲ್ಲೇ. ಭವಿಷ್ಯ ನಿಧಿಗೂ ಇ.ಎಸ್.ಐ. ವಂತಿಗೆಗೂ ಪ್ರತಿ ತಿಂಗಳು ಗಡುವು ಇರುತ್ತದೆ. ಗ್ರಾಚ್ಯುಟಿಗೆ ಅಂತಹ ಮಾಸಿಕ ಗಡುವಿಲ್ಲ. ಅದು ಸದ್ದಿಲ್ಲದೆ ಬೆಳೆಯುವ ಸಾಲ.

ದೀರ್ಘ ಸೇವೆಯನ್ನು ಗೌರವಿಸುವ ಪದ್ಧತಿ ಎಲ್ಲೆಡೆ ಒಂದೇ ರೀತಿಯಲ್ಲಿಲ್ಲ. ಆಸ್ಟ್ರೇಲಿಯಾದಲ್ಲಿ ಅದು ರಜೆಯ ರೂಪದಲ್ಲಿದೆ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹತ್ತು ವರ್ಷ ಪೂರೈಸಿದವರಿಗೆ ಎರಡು ತಿಂಗಳ ವೇತನಸಹಿತ ರಜೆ ಸಲ್ಲುತ್ತದೆ. ಭಾರತದಲ್ಲಿ ಅದು ಸೇವೆಯಿಂದ ಹೊರಡುವಾಗ ಕೈಗೆ ಬರುವ ಇಡುಗಂಟು. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಇದನ್ನು ಮಾಲೀಕರ ಔದಾರ್ಯದಿಂದ ನೌಕರರ ಹಕ್ಕಿಗೆ ಬದಲಾಯಿಸಿತು. ಆ ಕಾಯ್ದೆಯ ಸಾರವನ್ನು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಒಳಗೊಂಡಿದೆ. ಕಾರ್ಖಾನೆಗಳಿಗೆ ಹಾಗೂ ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿ-ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. ಒಮ್ಮೆ ಅನ್ವಯವಾದ ಮೇಲೆ ನೌಕರರ ಸಂಖ್ಯೆ ಹತ್ತಕ್ಕಿಂತ ಇಳಿದರೂ ಹೊಣೆ ತಪ್ಪದು.

ಲೆಕ್ಕದ ಸೂತ್ರ ಸರಳ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದುದನ್ನು ಸೇವಾ ವರ್ಷಗಳಿಂದ ಗುಣಿಸಬೇಕು. ತೊಡಕಿರುವುದು ‘ಕೊನೆಯ’ ಎಂಬ ಪದದಲ್ಲಿ. ಮೇಲೆ ಹೇಳಿದ ಟರ್ನರ್ ಸೇರಿದಾಗ ತಿಂಗಳಿಗೆ 2,600 ರೂಪಾಯಿ ಪಡೆಯುತ್ತಿದ್ದನೆಂದು ಭಾವಿಸೋಣ. ಆ ವರ್ಷದ ಬಾಬ್ತು ಮಾಲೀಕರು 1,500 ರೂಪಾಯಿ ತೆಗೆದಿರಿಸಿದರೆ ಅಂದಿನ ಲೆಕ್ಕಕ್ಕೆ ಸರಿಯೇ. ಆದರೆ ನಿವೃತ್ತಿಯ ವೇಳೆಗೆ ವೇತನ 18,200 ರೂಪಾಯಿ ಆಗಿದ್ದರೆ, ಅದೇ ಮೊದಲ ವರ್ಷಕ್ಕೂ 10,500 ರೂಪಾಯಿ ತೆರಬೇಕು, ಒಟ್ಟು 2,31,000. ಕೊನೆಯ ವರ್ಷ ವೇತನವನ್ನು 20,800ಕ್ಕೆ ಏರಿಸಿದರೆ ಮೊತ್ತ 2,64,000 ಆಗುತ್ತದೆ. ಒಂದೇ ಬಡ್ತಿಯಿಂದ 33,000 ರೂಪಾಯಿ ಹೆಚ್ಚುವರಿ ಹೊಣೆ! ಇಂತಹ ನಲವತ್ತು ಮಂದಿ ಹಳಬರಿದ್ದರೆ ಅದು 13,20,000. ವೇತನ ಒಪ್ಪಂದದ ಮಾತುಕತೆಯಲ್ಲಿ ಈ ಅಂಕಿಯನ್ನು ಮೇಜಿನ ಮೇಲಿಟ್ಟುಕೊಂಡು ಕೂರುವ ಆಡಳಿತ ವರ್ಗ ವಿರಳ.

ಹೊಸ ಸಂಹಿತೆ ಇನ್ನೆರಡು ಬದಲಾವಣೆಗಳನ್ನು ತಂದಿದೆ. ವೇತನದಿಂದ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೆಂದೇ ಪರಿಗಣಿತವಾಗುತ್ತದೆ. ಮೂಲವೇತನವನ್ನು ಕಿರಿದಾಗಿಸಿ ಭತ್ಯೆಗಳನ್ನು ಹಿಗ್ಗಿಸುವ ಹಳೆಯ ಉಪಾಯ ಇನ್ನು ಫಲಿಸದು. ನಿಶ್ಚಿತ ಅವಧಿಗೆ ನೇಮಕಗೊಂಡವರಿಗೆ ಐದು ವರ್ಷ ಪೂರೈಸಬೇಕೆಂಬ ಷರತ್ತು ಇಲ್ಲ. ಅವಧಿ ಮುಗಿದಾಗ ಸೇವೆಗೆ ಅನುಗುಣವಾದ ಗ್ರಾಚ್ಯುಟಿ ಕೊಡಬೇಕು. ಮೃತಪಟ್ಟ ನೌಕರನ ವಿಷಯದಲ್ಲಿ ಐದು ವರ್ಷದ ಷರತ್ತು ಹಿಂದೆಯೂ ಇರಲಿಲ್ಲ. ಸಣ್ಣ ಘಟಕಗಳು ಅಣಿಯಾಗಿರದೆ ಸಿಕ್ಕಿಬೀಳುವುದು ಹೆಚ್ಚಾಗಿ ಇಂತಹ ಸಂದರ್ಭಗಳಲ್ಲಿಯೇ.

ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಕಡ್ಡಾಯ ಗ್ರಾಚ್ಯುಟಿ ವಿಮೆಯ ನಿಯಮಗಳನ್ನು ಹೊರಡಿಸಿದ್ದು ಇದೇ ಹಿನ್ನೆಲೆಯಲ್ಲಿ. ಘಟಕ ಮುಚ್ಚಿದರೆ ಕಾರ್ಮಿಕನ ಹಣ ಯಂತ್ರಗಳ ಹರಾಜಿಗಾಗಿ ಕಾಯಬಾರದು ಎಂಬುದು ಅದರ ತರ್ಕ. ಪ್ರೀಮಿಯಂ ಹೊರೆಯೆಂಬ ಉದ್ಯಮಿಗಳ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ವಿಮೆ ಹೊಸ ಹೊಣೆಯನ್ನು ಸೃಷ್ಟಿಸುವುದಿಲ್ಲ, ಇರುವುದನ್ನು ಕಂತುಗಳಾಗಿ ಹಂಚುತ್ತದೆ. ತೆರಿಗೆಯ ದೃಷ್ಟಿಯಿಂದಲೂ ಪುಸ್ತಕದಲ್ಲಿ ಬರಿದೇ ಅವಕಾಶ ಕಲ್ಪಿಸಿದರೆ ವಿನಾಯಿತಿ ಸಿಗದು; ಮಾನ್ಯತೆ ಪಡೆದ ನಿಧಿಗೆ ಕಟ್ಟಿದ ವಂತಿಗೆಗೆ ಸಿಗುತ್ತದೆ.

ಗಳಿಕೆ ರಜೆಯ ಬಾಕಿಯನ್ನೂ ಇದರೊಂದಿಗೇ ನೋಡಬೇಕು. ಔದ್ಯೋಗಿಕ ಸುರಕ್ಷತಾ ಸಂಹಿತೆ ಅನ್ವಯವಾಗುವ ಕಡೆ, ಮೊದಲು 240 ದಿನ ದುಡಿದ ಕಾರ್ಮಿಕನಿಗೆ ದೊರೆಯುತ್ತಿದ್ದ ರಜೆ ಈಗ 180 ದಿನಕ್ಕೇ ದೊರೆಯುತ್ತದೆ: ಇಪ್ಪತ್ತು ದಿನಕ್ಕೆ ಒಂದರಂತೆ. ಗ್ರಾಚ್ಯುಟಿ ಸಲ್ಲತಕ್ಕ ದಿನದಿಂದ ಮೂವತ್ತು ದಿನಗಳೊಳಗೆ ಪಾವತಿಸದಿದ್ದರೆ ಬಡ್ಡಿ ಸೇರುತ್ತದೆ. ಆದ್ದರಿಂದ ಮುಂದಿನ ಮೂರು ವರ್ಷಗಳಲ್ಲಿ ನಿವೃತ್ತರಾಗುವವರ ಹೆಸರು, ಸೇರಿದ ದಿನಾಂಕ, ಇಂದಿನ ವೇತನ, ರಜೆಯ ಬಾಕಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಲೆಕ್ಕಪರಿಶೋಧಕರ ಮುಂದಿಡುವುದು ಈ ವರ್ಷದ ಆಯವ್ಯಯಕ್ಕೆ ಮೊದಲೇ ಆಗಬೇಕಾದ ಕೆಲಸ.