ಬಿಲ್ಲಿನ ಕೊಪ್ಪಿಗೆ ಯಾವ ಮರ? ಉತ್ತರ ಆಚಾರಿಯ ಚೂರುಗಳ ರಾಶಿಯಲ್ಲಿದೆ!

ಕಲ್ಪೆಟ್ಟ: ಮನೆಯಲ್ಲೇ ಕೆತ್ತಿದ ಬಿದಿರಿನ ಬಿಲ್ಲು. ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿ, ಕೆರೆದು, ಎಣ್ಣೆ ಹಚ್ಚಿ ಸಿದ್ಧಪಡಿಸಿದ್ದು. ಅಂಗಡಿಯಿಂದ ತಂದ ಹೊಸ ಹೆದೆ ಏರಿಸಿ ಮೂವತ್ತು-ನಲವತ್ತು ಬಾಣ ಬಿಟ್ಟಿರಬೇಕು, ತುದಿಯಲ್ಲಿ 'ಚಟ್' ಎಂಬ ಸದ್ದು. ನೋಡಿದರೆ ಹೆದೆ ಬಿದಿರನ್ನೇ ಕೊಯ್ದುಕೊಂಡು ಒಳಗಿಳಿದಿತ್ತು. ಅಲ್ಲಿಂದ ಕೆಳಕ್ಕೆ ಒಂದು ಗೇಣು ಸೀಳು! ಮುಖಕ್ಕೆ ಬಡಿಯದೆ ಉಳಿದದ್ದೇ ಪುಣ್ಯ. ಇದು ಈ ಲೇಖಕನ ಸ್ವಂತ ಅನುಭವ.

ವಯನಾಡಿಗೆ ಬಿಲ್ಲು ಹೊಸದಲ್ಲ. 1802ರ ಅಕ್ಟೋಬರಿನಲ್ಲಿ ತಲಕ್ಕಲ್ ಚಂದು ಮತ್ತು ಎಡಚ್ಚೆನ ಕುಂಕನ್ ಜೊತೆಗೂಡಿ ಕುರಿಚ್ಯ ಬಿಲ್ಲಾಳುಗಳು ಪನಮರದ ಕಂಪೆನಿ ಠಾಣೆಯನ್ನೇ ಹಿಡಿದ ನೆಲವಿದು. ಈಗಲೂ ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಬಿದಿರು, ಮರದ ಬಿಲ್ಲಿಗೆಂದೇ 'ಇಂಡಿಯನ್ ರೌಂಡ್' ವಿಭಾಗವಿದೆ. ಮನೆಯ ಮಕ್ಕಳ ಕೈಗೆ ಬಿಲ್ಲು ಕೊಡುವ ಹಿರಿಯರು ತುದಿಯ ಕಡೆ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಹೆದೆ ಬದಲಾಯಿತು, ತುದಿ ಬದಲಾಗಲಿಲ್ಲ

ಹೆದೆ ಕೂರುವ ಬಿಲ್ಲಿನ ತುದಿಗೆ ಕನ್ನಡದಲ್ಲಿ ಕೊಪ್ಪು ಎಂಬ ಹಳೆಯ ಹೆಸರಿದೆ. ನಾರಿನ ಹೆದೆ ಇದ್ದ ಕಾಲದಲ್ಲಿ ಅಲ್ಲೊಂದು ಕಚ್ಚು ಹಾಕಿದರೆ ಎಷ್ಟೋ ಬಿಲ್ಲುಗಳಿಗೆ ಸಾಕಾಗುತ್ತಿತ್ತು. ನಂತರ ಬಂದ ಡೇಕ್ರಾನ್ ಹೆದೆಯೂ ಸ್ವಲ್ಪ ಹಿಗ್ಗುತ್ತದೆ, ಬಾಣ ಬಿಟ್ಟಾಗಿನ ಏಟನ್ನು ತಾನೇ ನುಂಗಿಕೊಳ್ಳುತ್ತದೆ. ಆದರೆ ಈಗಿನ ಫಾಸ್ಟ್ ಫ್ಲೈಟ್ ಮಾದರಿಯ ಹೆದೆ ತೆಳ್ಳಗೆ, ಹಿಗ್ಗುವುದೇ ಇಲ್ಲ ಎನ್ನಬೇಕು. ಏಟೆಲ್ಲ ಕೊಪ್ಪಿಗೆ ಬೀಳುತ್ತದೆ. ಮೆತ್ತಗಿನ ಮರವಾದರೆ ದಾರ ಬೆಣ್ಣೆ ಕೊಯ್ದಂತೆ ಇಳಿಯುತ್ತದೆ.

ಇದಕ್ಕೆ ಪರಿಹಾರ ಕೊಪ್ಪಿನ ಮೇಲೆ, ಅಂದರೆ ಗುರಿಯ ಕಡೆಗಿರುವ ಮುಖದ ಮೇಲೆ, ಗಟ್ಟಿಮರದ ಒಂದು ಚೂರು ಅಂಟಿಸಿ ಅದರಲ್ಲೇ ಕಚ್ಚು ಕೊರೆಯುವುದು. ಬಿಲ್ಲಿನ ಮೈನಾರು ತುಂಡಾಗುವುದಿಲ್ಲ. ಈ ಬುದ್ಧಿ ಹೊಸದೇನಲ್ಲ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಬಿಲ್ಲುಗಳ ತುದಿಯಲ್ಲಿ ಕೊಂಬಿನ ಟೊಪ್ಪಿಗೆ ಇದ್ದ ಗುರುತು ಸಿಕ್ಕಿದೆ. ಯೂ ಮರ ಮೆತ್ತಗೆ, ಅದಕ್ಕೇ ಕೊಂಬು.

ಯಾವುದು ಆದೀತು?

ಬೀಟೆಯೇ ಬೇಕು ಎನ್ನುವವರು ಬಹಳ. ತಪ್ಪಿಲ್ಲ. ಒಣಗಿದ ತೇಗ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಬೀಟೆ 830ರ ಆಸುಪಾಸು. ಕರಿಮರ ಸಾವಿರದ ಹತ್ತಿರ. ಎಳೆ ಒತ್ತೊತ್ತಾಗಿ ಇರುವುದರಿಂದ ದಾರ ಸುಲಭವಾಗಿ ಒಳಗಿಳಿಯುವುದಿಲ್ಲ.

ಆದರೆ ಬೀಟೆಯೊಂದೇ ದಾರಿಯಲ್ಲ. ಹಳೆಯ ಹುಣಸೆಮರದ ಚೇಗು (ಮಲಯಾಳದಲ್ಲಿ ಕಾದಲ್) ಬೀಟೆಗೆ ಸಡ್ಡು ಹೊಡೆಯುವಷ್ಟು ಗಟ್ಟಿ. ಗಾಡಿಯ ಅಚ್ಚಿಗೆ, ಕೊಡಲಿ ಕಾವಿಗೆ ಹೆಸರಾದ ದಿಂಡಿಗ, ನೇಗಿಲಿಗೆ ಬಳಸುತ್ತಿದ್ದ ಕಗ್ಗಲಿ, ಇವೂ ಆಗುತ್ತವೆ. ಮುರಿದ ನೇಗಿಲು ಅಟ್ಟದ ಮೇಲಿದ್ದರೆ ಅದೇ ಸಾಕು. ಎಮ್ಮೆ ಕೊಂಬೂ ಒಳ್ಳೆಯದೇ. ಹೊರಗಿನ ಬಿಳಿ ಭಾಗ, ಗಂಟು, ಬಿರುಕು ಇರುವ ತುಂಡು ಮಾತ್ರ ಬೇಡ. ಚೇರೆಮರದ ಹತ್ತಿರ ಹೋಗಬೇಡಿ, ಅದರ ಸೊನೆಗೆ ಮೈಯೆಲ್ಲ ಸುಟ್ಟೀತು. ಬೀಟೆ ಪುಡಿಗೂ ಕೆಲವರಿಗೆ ತುರಿಕೆ ಬರುವುದುಂಟು. ಉಜ್ಜುವಾಗ ಮೂಗಿಗೆ ಬಟ್ಟೆ ಇರಲಿ.

ಅಂಟಿಸುವುದೇ ನಿಜವಾದ ಕೆಲಸ

ಚೂರು ಎರಡು ಇಂಚು ಉದ್ದ, ಕಾಲು ಇಂಚು ದಪ್ಪ ಇದ್ದರೆ ಧಾರಾಳ. ದಪ್ಪ ಮಾಡಿದರೆ ತೂಕ ಹೆಚ್ಚುತ್ತದೆ. ಬಿಲ್ಲಿನಲ್ಲಿ ಅತಿ ವೇಗವಾಗಿ ಓಡುವುದು ತುದಿಯೇ, ಅಲ್ಲಿ ಭಾರ ಕೂತರೆ ಬಾಣದ ವೇಗ ಇಳಿಯುತ್ತದೆ. ಮರದ ಎಳೆ ಬಿಲ್ಲಿನ ಉದ್ದಕ್ಕೇ ಇರಬೇಕು, ಅಡ್ಡಕ್ಕಲ್ಲ.

ಬಿದಿರಿನ ಸಿಪ್ಪೆಯ ನುಣುಪು ಕೆರೆದು ಸಮತಟ್ಟು ಮಾಡಿಕೊಳ್ಳಿ. ಬೀಟೆ, ತೇಗದಲ್ಲಿ ಎಣ್ಣೆ ಅಂಶವಿದೆ. ಮರಳು ಕಾಗದದಿಂದ ಉಜ್ಜಿ, ಅಸಿಟೋನ್ ಒರೆಸಿ, ಕೂಡಲೇ ಎರಡು ಟ್ಯೂಬಿನ ಎಪಾಕ್ಸಿ ಅಂಟು ಹಚ್ಚಬೇಕು. ತೀರಾ ಬಿಗಿದು ಕಟ್ಟಿದರೆ ಅಂಟೆಲ್ಲ ಹೊರಗೆ ಬರುತ್ತದೆ, ಹದವಾಗಿ ಕಟ್ಟಿ ಒಂದು ದಿನ ಬಿಡಿ. ಮರುದಿನ ಹಿಡಿಯ ಕಡೆಗೆ ಚೂರನ್ನು ಇಳಿಜಾರಾಗಿ ತೆಳುಮಾಡಿ. ದುಂಡು ಅರದಿಂದ ಕಚ್ಚು ಹಾಕಿ, ಅಂಚನ್ನೆಲ್ಲ ನುಣ್ಣಗೆ ಮಾಡಿ. ಅಂಚು ಹರಿತವಾಗಿದ್ದರೆ ಈ ಸಲ ಹರಿಯುವುದು ಹೆದೆ!

ಮರಕ್ಕೆ ಕೊಡಲಿ ಬೇಡ

ಅಷ್ಟು ಸಣ್ಣ ಚೂರಿಗೆ ಕಾನೂನು ಯಾಕೆ ಅಂತೀರಾ? ಕೇರಳದಲ್ಲಿ 1964ರ ಭೂಮಂಜೂರಾತಿ ನಿಯಮದಡಿ ಪಟ್ಟಾ ಸಿಕ್ಕ ಜಮೀನಿನಲ್ಲೂ ಬೀಟೆ ಸರಕಾರದ್ದೇ. 2020ರ ಅಕ್ಟೋಬರಿನ ಆದೇಶವೊಂದರ ಮರೆಯಲ್ಲಿ ಮುಟ್ಟಿಲ್‌ನಲ್ಲಿ ಬೀಟೆಮರಗಳು ಉರುಳಿದ್ದು, 2021ರ ಫೆಬ್ರವರಿಯಲ್ಲಿ ಆ ಆದೇಶ ರದ್ದಾದದ್ದು, ಆಮೇಲೆ ಕೇಸು-ಕೋರ್ಟು ಎಂದು ಊರಿಗೆ ಊರೇ ಮಾತಾಡಿದ್ದು ವಯನಾಡಿನವರಿಗೆ ಹೇಳಬೇಕಾಗಿಲ್ಲ. ಕಾಡಲ್ಲಿ ಬಿದ್ದ ಕಡವೆ ಕೊಂಬು ಹೆಕ್ಕಿ ತರುವುದೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಹಾಗಾದರೆ ಚೂರು ಎಲ್ಲಿಂದ? ಹಳೆಮನೆಯ ಬಾಗಿಲ ಪಟ್ಟಿ, ಮುರಿದ ಮಂಚದ ಕಾಲು, ಆಚಾರಿಯ ಕೊಟ್ಟಿಗೆಯಲ್ಲಿ ಒಲೆಗೆಂದು ತೆಗೆದಿಟ್ಟ ತುಂಡುಗಳು. ನನ್ನ ಎರಡನೇ ಬಿಲ್ಲಿನ ತುದಿಯಲ್ಲಿರುವುದು ಅಜ್ಜಿಯ ಕಾಲದ ಒನಕೆಯ ಹುಣಸೆ ಚೂರು. ಅದೇ ಹೆದೆ, ಅದೇ ಕೈ. ಎರಡು ಮಳೆಗಾಲ ಕಳೆದರೂ ಕಚ್ಚು ಹಾಕಿದ ಹಾಗೇ ಇದೆ.