ಬ್ಯಾಂಡು ಕೂತು ನುಡಿಸಲಿ

ಮೇಖ್ರಿ ಸರ್ಕಲ್ಲಿನಿಂದ ಹೆಬ್ಬಾಳದವರೆಗಿನ ಬೆಂಗಳೂರಿನಲ್ಲಿ ಪಾಶ್ಚಾತ್ಯ ವಾದ್ಯಸಂಗೀತದ ಎರಡು ಕವಲುಗಳೂ ಕೂಗಳತೆಯಲ್ಲಿವೆ. ಆರ್.ಟಿ. ನಗರದಲ್ಲಿ ಅರುಣಾ ಸುಂದರಲಾಲ್ ಅವರು 1987ರಲ್ಲಿ ಕಟ್ಟಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಅಲ್ಲಿ ಪಿಯಾನೊ, ಪಿಟೀಲು, ಚೆಲ್ಲೊಗಳ ಪಾಠ ನಡೆಯುತ್ತದೆ. ಪಕ್ಕದ ಜೆ.ಸಿ. ನಗರದಲ್ಲಿ ಸೇನೆಯ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ, ಹೆಬ್ಬಾಳದ ಕಡೆಗೆ ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿ; ಇವುಗಳದ್ದು ಕ್ಲಾರಿನೆಟ್, ಟ್ರಂಪೆಟ್, ಡ್ರಮ್ಮುಗಳ ಬ್ಯಾಂಡು. ಈ ಬ್ಯಾಂಡುಗಳನ್ನು ನಾವು ಕೇಳಿಲ್ಲವೆಂದಲ್ಲ. ಗಣರಾಜ್ಯೋತ್ಸವದ ದಿನ ಮಾಣೆಕ್ ಷಾ ಮೈದಾನದಲ್ಲಿ, ಯಲಹಂಕದ ಏರೋ ಇಂಡಿಯಾದಲ್ಲಿ ವಿಮಾನಗಳ ಅಬ್ಬರದ ನಡುವೆ ಕೇಳಿದ್ದೇವೆ. ಆದರೆ ಕೇಳಿದ್ದೆಲ್ಲ ಹೆಜ್ಜೆ ಹಾಕಿಸುವ ಸಂಗೀತ. ಇಂಥ ಬ್ಯಾಂಡು ಕುರ್ಚಿ ಹಾಕಿಕೊಂಡು ಕೂತು ನುಡಿಸಬಹುದಾದ ಸಂಗೀತ ಬೇರೆಯೇ ಇದೆ. ಅದರಲ್ಲಿ ಓವರ್ಚರ್ ಎಂಬ ಪ್ರಕಾರ ನಮ್ಮ ಬ್ಯಾಂಡುಗಳಿಗೂ, ಬಯಲಲ್ಲಿ ಕೂತು ಕೇಳುವ ನಮ್ಮ ಜನಕ್ಕೂ ಹೇಳಿ ಮಾಡಿಸಿದ್ದು. ಸಿಂಫನಿಗಿಂತಲೂ ಒಪೇರಾಗಿಂತಲೂ ಇದೇ ನಮಗೆ ಹತ್ತಿರದ ಬಾಗಿಲು ಎಂಬುದು ನನ್ನ ವಾದ.

ಓವರ್ಚರ್ ಹುಟ್ಟಿದ್ದು ಊಳಿಗಕ್ಕೆ. 17ನೇ ಶತಮಾನದ ಫ್ರಾನ್ಸಿನಲ್ಲಿ, ಹದಿನಾಲ್ಕನೆಯ ಲೂಯಿಯ ಆಸ್ಥಾನದ ಲುಲ್ಲಿ ಎಂಬ ಸಂಗೀತಗಾರ ಒಪೇರಾ ಶುರುವಾಗುವ ಮುನ್ನ ನುಡಿಸುವುದಕ್ಕೊಂದು ಮಾದರಿ ಹಾಕಿಕೊಟ್ಟ: ಮೊದಲು ಗತ್ತಿನ ನಿಧಾನದ ಭಾಗ, ಆಮೇಲೆ ಚುರುಕಿನದು. ದೊಡ್ಡವರು ಬಂದು ಕೂರಬೇಕು, ಹರಟುವವರ ಬಾಯಿ ನಿಲ್ಲಬೇಕು, ಅಷ್ಟೇ. ಯಕ್ಷಗಾನದಲ್ಲಿ ಪ್ರಸಂಗಕ್ಕೆ ಮುಂಚೆ ಚೆಂಡೆ ಸದ್ದು ಮಾಡಿ ಸುತ್ತಲ ಊರನ್ನು ಬಯಲಿಗೆ ಕರೆಯುವ ಕೆಲಸವಿದೆಯಲ್ಲ, ಹೆಚ್ಚುಕಡಿಮೆ ಅದೇ. ಮುಂದೆ ಬರುವ ಕಥೆಗೂ ಈ ಸಂಗೀತಕ್ಕೂ ಎಷ್ಟು ನಂಟಿತ್ತು ಎಂಬುದಕ್ಕೆ ರೊಸ್ಸಿನಿಯೇ ಸಾಕ್ಷಿ. 'ದಿ ಬಾರ್ಬರ್ ಆಫ್ ಸೆವಿಲ್' ಎಂಬ ಒಪೇರಾದ ಓವರ್ಚರ್ ಕೇಳಿದವರು ಕ್ಷೌರಿಕ ಫಿಗಾರೋನ ತುಂಟತನವೆಲ್ಲ ಅದರಲ್ಲಿದೆ ಎಂದು ಬಣ್ಣಿಸುವುದುಂಟು. ನಿಜವೇನೆಂದರೆ ಆ ಓವರ್ಚರನ್ನು ರೊಸ್ಸಿನಿ 1813ರಲ್ಲಿ ರೋಮಿನ ಚಕ್ರವರ್ತಿಯೊಬ್ಬನ ಗಂಭೀರ ಒಪೇರಾಕ್ಕೆ ಬರೆದಿದ್ದ. 1815ರಲ್ಲಿ ಅಷ್ಟಿಷ್ಟು ತಿದ್ದಿ ಇಂಗ್ಲೆಂಡಿನ ರಾಣಿ ಎಲಿಜಬೆತ್ತಳ ಕಥೆಗೆ ಅಂಟಿಸಿದ. 1816ರಲ್ಲಿ ಅದು ಕ್ಷೌರಿಕನ ಪಾಲಿಗೆ ಬಂತು. ಚಕ್ರವರ್ತಿಗೂ ಸೈ, ರಾಣಿಗೂ ಸೈ, ಕ್ಷೌರಿಕನಿಗೂ ಸೈ ಎಂದಮೇಲೆ ಆ ಸಂಗೀತ ಯಾರ ಹಂಗಿನಲ್ಲೂ ಇಲ್ಲ ಎಂದಾಯಿತಲ್ಲ.

ಈ ಹಂಗು ಹರಿದದ್ದೇ ಕಛೇರಿಯ ಓವರ್ಚರ್. ಬೆಥೋವನ್ 1807ರಲ್ಲಿ 'ಕೊರಿಯೊಲಾನ್' ಬರೆದದ್ದು ಒಂದು ನಾಟಕದ ನೆವದಿಂದ. ನಾಟಕ ಮರೆಯಾಯಿತು, ಓವರ್ಚರ್ ಉಳಿಯಿತು. 1826ರಲ್ಲಿ ಹದಿನೇಳು ವರ್ಷದ ಮೆಂಡೆಲ್ಸನ್ ಷೇಕ್ಸ್‌ಪಿಯರನ ನಡುಬೇಸಗೆಯ ಕನಸಿನ ನಾಟಕವನ್ನು ಓದಿ ಅದರ ಮೇಲೆ ಓವರ್ಚರ್ ಬರೆದ. ಆಡುವ ನಾಟಕ ಯಾವುದೂ ಅದರ ಹಿಂದೆ ಇರಲಿಲ್ಲ. ಮಿಕ್ಕ ರಂಗಸಂಗೀತವನ್ನು ಅವನು ಬರೆದದ್ದು ಸುಮಾರು ಹದಿನಾರು ವರ್ಷದ ಮೇಲೆ. 1829ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳಿಗೆ ಹೋಗಿದ್ದಾಗ ಹೊಳೆದ ಒಂದು ಎಳೆಯನ್ನು ಪತ್ರದಲ್ಲೇ ಗೀಚಿ ಮನೆಗೆ ಕಳಿಸಿದ. ಅದು ಬೆಳೆದು 'ಹೆಬ್ರಿಡೀಸ್' ಓವರ್ಚರ್ ಆಗಿ 1832ರಲ್ಲಿ ಲಂಡನ್ನಿನಲ್ಲಿ ನುಡಿಯಿತು. ಅದಕ್ಕೆ ನಾಟಕವೂ ಇಲ್ಲ, ಕಥೆಯೂ ಇಲ್ಲ, ಸಮುದ್ರವಿದೆ, ಅಷ್ಟೇ. ಬ್ರಾಮ್ಸ್ 1880ರಲ್ಲಿ ತನಗೆ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಗಳ ಹಾಡುಗಳನ್ನೇ ಪೋಣಿಸಿ ಓವರ್ಚರ್ ಒಪ್ಪಿಸಿದ. ಅದೇ ವರ್ಷ ಚೈಕೊವ್‌ಸ್ಕಿ ನೆಪೋಲಿಯನ್ನನ ಸೋಲಿನ ಮೇಲೆ ಬರೆದ '1812'ರಲ್ಲಿ ತೋಪು ಹಾರಿಸುವುದನ್ನೂ ಸ್ವರಲಿಪಿಯಲ್ಲೇ ಸೇರಿಸಿದ. ಇವುಗಳಲ್ಲಿ ಹೆಚ್ಚಿನವು ಎಂಟರಿಂದ ಹದಿನೈದು ನಿಮಿಷದವು. ನಿಲ್ಲಿಸಿ ಮತ್ತೆ ಶುರುಮಾಡುವ ಖಂಡಗಳಿಲ್ಲ, ಎಲ್ಲಿ ಚಪ್ಪಾಳೆ ತಟ್ಟಬೇಕೆಂಬ ಗೊಂದಲವಿಲ್ಲ. ಸಿಂಫನಿಗೆ ಮುಕ್ಕಾಲು ಗಂಟೆ ಮೈಯೆಲ್ಲ ಕಿವಿಯಾಗಿ ಕೂರಬೇಕು. ಒಪೇರಾಕ್ಕೆ ಭಾಷೆ ಬೇಕು. ಓವರ್ಚರ್ ಇವೆರಡನ್ನೂ ಕೇಳುವುದಿಲ್ಲ.

ಆದರೆ ಇದೆಲ್ಲ ಪಿಟೀಲುಗಳ ಆರ್ಕೆಸ್ಟ್ರಾದ ಆಸ್ತಿ, ಊದುವಾದ್ಯದ ಬ್ಯಾಂಡು ನುಡಿಸಿದರೆ ಅದು ನಕಲು, ಬಡವರ ಪಾಲಿನ ಆರ್ಕೆಸ್ಟ್ರಾ ಎಂದು ಹೇಳುವವರಿದ್ದಾರೆ. ಅರ್ಧ ನಿಜ. ಬ್ಯಾಂಡಿಗೆ ಇಳಿಸುವಾಗ ಪಿಟೀಲಿನ ಭಾಗ ಕ್ಲಾರಿನೆಟ್ಟಿಗೆ ಬರುತ್ತದೆ, ಚೆಲ್ಲೊ ಭಾಗ ಯುಫೋನಿಯಮ್ಮಿಗೆ, ಡಬಲ್ ಬೇಸಿನದು ಟ್ಯೂಬಾಕ್ಕೆ. ಪಿಟೀಲಿನ ಕಮಾನಿಗೆ ದಮ್ಮು ಕಟ್ಟುವುದಿಲ್ಲ. ಕ್ಲಾರಿನೆಟ್ ಊದುವವನಿಗೆ ಕಟ್ಟುತ್ತದೆ. ಹಾಗಾಗಿ ಉದ್ದದ ಸಾಲು ಬಂದಾಗ ಒಂದೇ ಸಾಲಿನ ಕ್ಲಾರಿನೆಟ್ಟಿನವರು ಒಬ್ಬರಾದ ಮೇಲೊಬ್ಬರು ಕದ್ದು ಉಸಿರೆಳೆದುಕೊಳ್ಳಬೇಕು, ಎಲ್ಲರೂ ಒಟ್ಟಿಗೆ ಎಳೆದರೆ ರಾಗದಲ್ಲಿ ತೂತು ಬೀಳುತ್ತದೆ. ಕಮಾನನ್ನು ಗಡಗಡ ನಡುಗಿಸಿ ಎಬ್ಬಿಸುವ ತಂತಿಯ ಗುಡುಗು ಊದುವಾದ್ಯಕ್ಕೆ ದಕ್ಕುವುದಿಲ್ಲ, ಬೇರೆ ಉಪಾಯ ಹುಡುಕಬೇಕು. ತಂತಿವಾದ್ಯಕ್ಕೆ ಸಲೀಸಾದ ಶ್ರುತಿಗಳು ಹಿತ್ತಾಳೆ ವಾದ್ಯಕ್ಕೆ ತೊಡಕು, ಆದ್ದರಿಂದ ಎಷ್ಟೋ ಸಲ ಇಡೀ ಕೃತಿಯ ಶ್ರುತಿಯನ್ನೇ ಅರ್ಧ ಸ್ವರವೋ ಒಂದು ಸ್ವರವೋ ಸರಿಸುತ್ತಾರೆ. ಇಷ್ಟೆಲ್ಲ ನಷ್ಟ ಹೌದು. ಆದರೆ ಬಯಲಲ್ಲಿ ಪಿಟೀಲಿನ ನಾದ ನಾಲ್ಕು ಸಾಲು ದಾಟುವಷ್ಟರಲ್ಲಿ ಸೊರಗುತ್ತದೆ, ಮೈಕಿನ ಆಸರೆ ಬೇಕು, ಬ್ಯಾಂಡಿಗೆ ಬೇಡ. ಇದು ಯುರೋಪಿಗೂ ಗೊತ್ತಿದ್ದ ಸಂಗತಿಯೇ. 1790ರ ದಶಕದಲ್ಲಿ, ಫ್ರೆಂಚ್ ಕ್ರಾಂತಿಯ ಬಿಸಿಯಲ್ಲಿ, ಪ್ಯಾರಿಸ್ಸಿನ ಬಯಲು ಉತ್ಸವಗಳಿಗೆ ಜನಸಾಗರ ಸೇರುತ್ತಿದ್ದಾಗ ಕತೇಲ್, ಮೆಹುಲ್ ಮುಂತಾದವರು ರಾಷ್ಟ್ರೀಯ ರಕ್ಷಣಾ ದಳದ ಬ್ಯಾಂಡಿಗೆಂದೇ ಓವರ್ಚರ್ ಬರೆದರು. ಅವು ಯಾವುದರ ನಕಲೂ ಅಲ್ಲ. ಆ ಬ್ಯಾಂಡಿನ ಸಂಗೀತಗಾರರ ಸುತ್ತಲೇ 1795ರಲ್ಲಿ ಪ್ಯಾರಿಸ್ ಕನ್ಸರ್ವೇಟರಿ ಬೆಳೆದು ನಿಂತಿತು.

ಇಳಿಸಿದ ಕೃತಿಗಳನ್ನೂ ಒಂದೊಂದಾಗಿ ನೋಡಬೇಕು, ಸಾರಾಸಗಟಾಗಿ ತಳ್ಳಬಾರದು. 'ಹೆಬ್ರಿಡೀಸ್' ಶುರುವಾಗುವುದೇ ವಯೋಲಾ, ಚೆಲ್ಲೊ, ಬಸೂನುಗಳ ಮಂದ್ರದಲ್ಲಿ, ಅಲೆಯಂತೆ ಮತ್ತೆ ಮತ್ತೆ ಇಳಿಯುವ ಒಂದು ಎಳೆಯಿಂದ; ಅದರಲ್ಲಿ ಊದುವಾದ್ಯ ಮೊದಲೇ ಇದೆ. ಕೃತಿಯ ಕೊನೆಯ ಕಾಲು ಭಾಗದಲ್ಲಿ, ಬಿರುಗಾಳಿ ತಗ್ಗಿ ಎರಡನೆಯ ರಾಗ ಮರಳುವಾಗ, ಮೆಂಡೆಲ್ಸನ್ ಪಿಟೀಲುಗಳಿಗೆಲ್ಲ ಹಿಂದೆ ಸರಿಯಲು ಹೇಳಿ ಅದನ್ನು ಎರಡು ಕ್ಲಾರಿನೆಟ್ಟುಗಳ ಕೈಗೆ ಕೊಡುತ್ತಾನೆ. ಇಡೀ ಓವರ್ಚರಿನಲ್ಲಿ ಅದಕ್ಕಿಂತ ಮೆದುವಾದ ಜಾಗ ಇನ್ನೊಂದಿಲ್ಲ. ಇಂಥ ಕೃತಿ ಬ್ಯಾಂಡಿಗೆ ಬಂದರೆ ಅನ್ಯವಾಗುವುದಿಲ್ಲ. 'ಕೊರಿಯೊಲಾನ್' ಹಾಗಲ್ಲ. ಅದು ಮುಗಿಯುವುದು ತಂತಿಯನ್ನು ಬೆರಳಲ್ಲಿ ಮೀಟಿದ ಮೆಲುದನಿಯಲ್ಲಿ. ಟ್ಯೂಬಾ ಎಷ್ಟೇ ಹಗುರವಾಗಿ ಊದಿದರೂ ಸಾವಿನಂಥ ಆ ನಿಶ್ಶಬ್ದ ಬರುವುದಿಲ್ಲ. ಅದನ್ನು ಆರ್.ಟಿ. ನಗರದ ಪಿಟೀಲುಗಳಿಗೇ ಬಿಡುವುದು ಮರ್ಯಾದೆ.

ಇನ್ನು ಪರಕೀಯತೆಯ ಮಾತು. ಬ್ರಿಟಿಷರು ದಂಡಿನ ಜೊತೆ ತಂದ ಬ್ಯಾಂಡು, ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ದೊರೆಸಾನಿಯರಿಗೆ ನುಡಿಸಿದ ಸಂಗೀತ, ಅದನ್ನು ಈಗ ನಾವೇಕೆ ತಲೆಮೇಲೆ ಹೊರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕನ್ನಡ ನಾಡಿನಲ್ಲಿ ಈ ಸಂಗೀತದ ಕಥೆ ದಂಡಿನಲ್ಲೇ ಮುಗಿಯುವುದಿಲ್ಲ. ಮೈಸೂರು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಕರ್ನಾಟಕ ಸಂಗೀತದ ಬ್ಯಾಂಡೂ ಒಟ್ಟೊಟ್ಟಿಗೆ ಬೆಳೆದವು. ಜರ್ಮನಿಯ ಓಟ್ಟೊ ಶ್ಮಿಟ್ ಪಾಶ್ಚಾತ್ಯ ವೃಂದವನ್ನು ನಡೆಸಿದರೆ, ವೀಣೆ ವೆಂಕಟಗಿರಿಯಪ್ಪನವರು ವಾದ್ಯಗಳಿಗೆಂದೇ ನಗ್ಮಾಗಳನ್ನು ರಚಿಸಿದರು. ಸಾಹಿತ್ಯದ ನೆರವಿಲ್ಲದೆ ವಾದ್ಯ ತನ್ನಷ್ಟಕ್ಕೆ ನಿಲ್ಲಬಲ್ಲದು ಎಂಬ ವಿಚಾರ ಅಲ್ಲಿ ಹೊಸದಾಗಿರಲಿಲ್ಲ. ಮುಂದೆ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೊನಿಯಾ ಕಛೇರಿ ಸಂಘಕ್ಕೆ ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಹಾಡುಗಳು 1950ರ ಮೇ ತಿಂಗಳಲ್ಲಿ ಅಲ್ಲಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಬಂದದ್ದು ಅವರ ಹಣದ ಬೆಂಬಲದಿಂದ. ಅದೇ ಒಡೆಯರು ಶ್ರೀವಿದ್ಯೆಯ ಅಂಕಿತದಲ್ಲಿ ಕರ್ನಾಟಕ ಕೃತಿಗಳನ್ನೂ ರಚಿಸಿದರು. ಜೆ.ಸಿ. ನಗರಕ್ಕೆ ಹೆಸರು ಕೊಟ್ಟವರೂ ಅವರೇ, ಬಸ್ಸಿನಲ್ಲಿ ದಿನಾ ಆ ಹೆಸರು ಕೂಗುವವರಿಗೆ ನೆನಪಿರಲಿ ಬಿಡಲಿ. ಇನ್ನೊಂದು ಸಾಕ್ಷ್ಯ ಇದಕ್ಕಿಂತ ಗಟ್ಟಿಯದು. ಬಂಟ್ವಾಳ ಸೀಮೆಯ ನಾಗಸ್ವರದ ಮನೆತನದ ಹುಡುಗನೊಬ್ಬ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ. ಆತ ಕದ್ರಿ ಗೋಪಾಲನಾಥ್ ಆಗಿ ಆ ವಾದ್ಯದಲ್ಲಿ ತ್ಯಾಗರಾಜರನ್ನು ನುಡಿಸಿದರು. ಬ್ಯಾಂಡು ಬಯಲಲ್ಲಿ ಜನಕ್ಕೆ ಕೇಳುವಂತಿದ್ದರಿಂದ ಹುಟ್ಟಿದ ಫಲ ಅದು. ಬ್ಯಾಂಡು ಕವಾಯತು ಮೈದಾನದ ಗೋಡೆಯೊಳಗೇ ಇದ್ದಿದ್ದರೆ ಆ ಹುಡುಗ ಏನು ಕೇಳುತ್ತಿದ್ದ?

ಸೇನೆಯ ಬ್ಯಾಂಡಿನ ಕೆಲಸ ಕವಾಯತು, ಸಲಾಮಿ, ಅಂತಿಮ ನಮನ, ಪಾರ್ಕಿನಲ್ಲಿ ರಂಜಿಸುವುದು ಅಲ್ಲ ಎಂಬ ಆಕ್ಷೇಪ ಉಳಿದವಕ್ಕಿಂತ ಭಾರವಾದದ್ದು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಸೇನೆಯಲ್ಲಿ ಎರಡು ತರದ ಬ್ಯಾಂಡುಗಳಿವೆ. ಒಂದು ಬ್ಯಾಗ್‌ಪೈಪಿನದು: ಅದಕ್ಕಿರುವುದು ಒಂಬತ್ತು ಸ್ವರ, ಮೆಲ್ಲಗೆ ಜೋರಾಗಿ ಎಂಬ ಭೇದವೇ ಇಲ್ಲ, ಓವರ್ಚರ್ ಅದರ ಪಾಲಿಗೆ ಗಗನಕುಸುಮ. ಇನ್ನೊಂದು ಕ್ಲಾರಿನೆಟ್, ಹಿತ್ತಾಳೆ ವಾದ್ಯಗಳ ಮಿಲಿಟರಿ ಬ್ಯಾಂಡು. ಇದರವರು ಮಧ್ಯಪ್ರದೇಶದ ಪಚಮಢಿಯ ಸೇನಾ ಸಂಗೀತ ವಿಭಾಗದಲ್ಲಿ ಸ್ವರಲಿಪಿ ಓದಲು ಕಲಿತು ಬಂದವರು. ಅಷ್ಟು ಕಲಿತವನಿಗೆ ವರ್ಷವಿಡೀ ಹೆಜ್ಜೆಯ ತಾಳ ಒಂದನ್ನೇ ಕೊಟ್ಟರೆ ಕಲಿಕೆ ತುಕ್ಕು ಹಿಡಿಯದೆ ಇರುತ್ತದೆಯೆ? ವಾಯುಪಡೆಯವರು ತಮ್ಮ ಸಂಗೀತಗಾರರಿಂದಲೇ ಏರ್ ವಾರಿಯರ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿರುವುದು ಈ ಅರಿವಿನಿಂದಲೇ ಇರಬೇಕು. ಇನ್ನು ಪೊಲೀಸ್ ಬ್ಯಾಂಡು, ಅರಮನೆ ಬ್ಯಾಂಡಿನ ಪರಂಪರೆ ಹರಿದು ಬಂದಿರುವುದೇ ಅಲ್ಲಿಗೆ, ದಸರೆಯಲ್ಲಿ ಮೈಸೂರು ಅರಮನೆಯ ಮುಂದೆ ಸಾವಿರಾರು ಜನರ ಎದುರು ನುಡಿಸುತ್ತದೆ. ಜನ ಕೂರುತ್ತಾರೆ, ಕೇಳುತ್ತಾರೆ. ಮೈಸೂರಿಗೆ ಒಪ್ಪಿದ್ದು ಬೆಂಗಳೂರಿನ ಮತ್ತೀಕೆರೆಗೆ ಒಪ್ಪದು ಎನ್ನಲು ಕಾರಣ ಕಾಣೆ.

ಹಾಗೆಂದು ಮೊದಲ ಸಂಜೆಯೇ '1812' ಎತ್ತಿಕೊಂಡರೆ ತೋಪಿನ ಸದ್ದಷ್ಟೇ ಜನಕ್ಕೆ ನೆನಪಿರುತ್ತದೆ. ಯಶವಂತಪುರದ ಪಕ್ಕದ ಜೆ.ಪಿ. ಪಾರ್ಕಿನಂಥ ಜಾಗ, ಬೇಸಗೆಯ ಸಂಜೆ, ಒಂದು ಗಂಟೆಯ ಕಾರ್ಯಕ್ರಮ, ಅದರಲ್ಲಿ ಎರಡು ಓವರ್ಚರ್ ಸಾಕು. ನನ್ನನ್ನು ಕೇಳಿದರೆ ಮೊದಲನೆಯದು ಮೆಂಡೆಲ್ಸನ್ನನ 24ನೇ ಕೃತಿಯಾಗಬೇಕು, ಏಕೆಂದರೆ ಅದು ಯಾವುದರಿಂದಲೂ ಇಳಿಸಿದ್ದಲ್ಲ. 1824ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಅಪ್ಪನ ಜೊತೆ ಬಾಲ್ಟಿಕ್ ತೀರದ ಡೊಬೆರಾನ್ ಎಂಬ ಸ್ನಾನದೂರಿಗೆ ಹೋಗಿದ್ದಾಗ ಅಲ್ಲಿನ ಆಸ್ಥಾನದ ಹನ್ನೊಂದು ಊದುವಾದ್ಯಗಾರರಿಗೆಂದು ಬರೆದದ್ದು. ಆಮೇಲೆ 1838ರಲ್ಲಿ ಅದನ್ನು ಹಿಗ್ಗಿಸಿ ತಾಳವಾದ್ಯಗಳ ಸಮೇತ ದೊಡ್ಡ ಬ್ಯಾಂಡಿಗೆ ಹೊಂದಿಸಿದ. ಶುರು ನಿಧಾನ, ಶಾಂತ. ಮುಂದಿನ ಐದಾರು ನಿಮಿಷ ಓಟ. ಹಕ್ಕುಸ್ವಾಮ್ಯದ ತಕರಾರಿಲ್ಲ, ಸಾಧಾರಣ ಗಾತ್ರದ ಯಾವ ಮಿಲಿಟರಿ ಬ್ಯಾಂಡಿಗೂ ಇದು ಕೈಗೆಟುಕುವಂಥದ್ದು. ತೊಡಕು ಒಂದೇ: ಹುಡುಗ ಅದರಲ್ಲಿ ಇಂಗ್ಲಿಷ್ ಬೇಸ್ ಹಾರ್ನ್ ಎಂಬ ವಾದ್ಯವನ್ನು ಸೇರಿಸಿದ್ದ, ಮನೆಯವರಿಗೆ ತಿಳಿಯಲೆಂದು ಪತ್ರದಲ್ಲಿ ಅದರ ಚಿತ್ರವನ್ನೂ ಬರೆದಿದ್ದ, ಆ ವಾದ್ಯ ಈಗ ಬಳಕೆಯಲ್ಲಿಲ್ಲ. ಆ ಭಾಗವನ್ನು ಸಾಮಾನ್ಯವಾಗಿ ಟ್ಯೂಬಾದವರು ನುಡಿಸುತ್ತಾರೆ, ಜೆ.ಸಿ. ನಗರದಲ್ಲೂ ನುಡಿಸಬಹುದು.